ಐದಿಂಚು ಆಳದ ಬೆಳ್ಳಿ

ಮನೆಯ ಹತ್ತಿರದ ಪಾರ್ಕಿನಲ್ಲಿ ಮಗಳು ಮಣ್ಣಿನಿಂದ ಎತ್ತಿದ ಬೆಳ್ಳಿ ನಾಣ್ಯದ ಫೋಟೋವನ್ನು ಊರಿಗೆ ಕಳಿಸಿದಾಗ ಅಪ್ಪ ಹಿಗ್ಗುತ್ತಾರೆಂದು ಭಾವಿಸಿದ್ದೆ. ಅವರು ಕೂಡಲೇ ಫೋನ್ ಮಾಡಿ, ದನಿ ತಗ್ಗಿಸಿ, "ಏನಮ್ಮಾ, ನಿಧಿ ತೆಗೆಯೋರ ಸಂಗಡ ಮಗೂನ ಕಳ್ಸಿದ್ದೀಯಾ?" ಎಂದು ಕೇಳಿದರು. ನಗು ಬಂದರೂ ನಗಲಾಗಲಿಲ್ಲ. ಶಿಕಾರಿಪುರದ ಕಡೆಯ ಹಳ್ಳಿಯೊಂದರಲ್ಲಿ ಬಾಳಿದವರಿಗೆ, ತನ್ನದಲ್ಲದ ನೆಲವನ್ನು ಅಗೆಯುವವನೆಂದರೆ ಅಮಾವಾಸ್ಯೆಯ ರಾತ್ರಿ ಹಾರೆ, ನಿಂಬೆಹಣ್ಣು, ಕುಂಕುಮ ಹಿಡಿದು ಪಾಳುಗುಡಿಗೆ ಬರುವವನು. ಹಗಲು ಹೊತ್ತಿನಲ್ಲಿ, ಮಕ್ಕಳು ಆಡುವ ಪಾರ್ಕಿನಲ್ಲಿ, ಪರವಾನಗಿ ಪತ್ರವನ್ನು ಜೇಬಿನಲ್ಲಿಟ್ಟುಕೊಂಡು ಅಗೆಯುವವರೂ ಇರುತ್ತಾರೆಂದು ಅವರನ್ನು ನಂಬಿಸಲು ನನಗೆ ಸಾಕಷ್ಟು ಹೊತ್ತು ಹಿಡಿಯಿತು.

ನಾವಿರುವುದು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಮಿಲ್ವಾಕಿಯಲ್ಲಿ. ಪಕ್ಕದ ಮನೆಯ ಹಿರಿಯರು ಕಾರ್ಖಾನೆಯ ಕೆಲಸದಿಂದ ನಿವೃತ್ತರಾದವರು. ಚಳಿಗಾಲದಲ್ಲಿ ಹೆಪ್ಪುಗಟ್ಟಿದ ನೆಲ ಸಡಿಲವಾಗುವುದನ್ನೇ ಕಾಯುತ್ತಿದ್ದು, ಏಪ್ರಿಲ್ ಬಂತೆಂದರೆ ಮೆಟಲ್ ಡಿಟೆಕ್ಟರನ್ನು ಹೆಗಲಿಗೇರಿಸಿ ಹೊರಡುತ್ತಾರೆ. ಹತ್ತು ವರ್ಷದ ನನ್ನ ಮಗಳು ಅವರಿಗೆ ಸಿಕ್ಕ ಶಿಷ್ಯೆ. ಕೋಲಿನ ತುದಿಯ ತಟ್ಟೆಯಲ್ಲಿರುವ ತಂತಿಸುರುಳಿ ನೆಲದೊಳಕ್ಕೆ ಕಾಂತಕ್ಷೇತ್ರವನ್ನು ಹರಿಸುತ್ತದೆ, ಅದು ತಾಗಿದ ಲೋಹದಲ್ಲಿ ಸಣ್ಣ ವಿದ್ಯುತ್ ಹುಟ್ಟುತ್ತದೆ, ಆ ವಿದ್ಯುತ್ತಿನ ಮರುಸುದ್ದಿಯನ್ನು ಯಂತ್ರವು ಶಬ್ದವಾಗಿ ಕಿವಿಗೆ ತಲುಪಿಸುತ್ತದೆ. ಲೋಹಗಳಲ್ಲೆಲ್ಲ ವಿದ್ಯುತ್ತನ್ನು ಅತಿ ಸಲೀಸಾಗಿ ಹರಿಯಗೊಡುವುದು ಬೆಳ್ಳಿಯಾದ್ದರಿಂದ ಅದರ ಶಬ್ದ ತೀಕ್ಷ್ಣವಾಗಿರುತ್ತದೆ. ಕಬ್ಬಿಣದ ಮೊಳೆ ಗೊರಗುಟ್ಟುತ್ತದೆ. ಮೋಸ ಮಾಡುವುದು ಹಳೆಯ ತಂಪುಪಾನೀಯದ ಡಬ್ಬಿಗಳಿಂದ ಕಿತ್ತೆಸೆದ ಅಲ್ಯೂಮಿನಿಯಂ ಉಂಗುರಗಳು. ಐದು ಸೆಂಟಿನ ನಿಕ್ಕಲ್ ನಾಣ್ಯ ಕೊಡುವ ಶಬ್ದವನ್ನೇ ಅವೂ ಕೊಡುವುದರಿಂದ, ಆ ಹಿರಿಯರ ಚೀಲದಲ್ಲಿ ನಾಣ್ಯಗಳಿಗಿಂತ ಅವುಗಳ ತೂಕವೇ ಹೆಚ್ಚು. ಇದೇ ತತ್ವದ ಉಪಕರಣವನ್ನು ಹಿಡಿದು ಅಲೆಕ್ಸಾಂಡರ್ ಗ್ರಹಾಂ ಬೆಲ್ 1881ರಲ್ಲಿ ಅಧ್ಯಕ್ಷ ಗಾರ್ಫೀಲ್ಡರ ಮೈಯೊಳಗಿನ ಗುಂಡನ್ನು ಹುಡುಕಿ ಸೋತರಂತೆ ಎಂಬುದನ್ನು ನನಗೆ ಹೇಳಿದ್ದು ಮಗಳೇ.

ಅವಳಿಗೆ ಸಿಕ್ಕಿದ್ದು 1942ರ ಹತ್ತು ಸೆಂಟಿನ ನಾಣ್ಯ. ರೆಕ್ಕೆಯ ಟೋಪಿ ತೊಟ್ಟ ಸ್ವಾತಂತ್ರ್ಯದೇವಿಯ ಮುಖ ಅದರ ಮೇಲಿದ್ದರೂ, ಆ ರೆಕ್ಕೆಯನ್ನು ಕಂಡ ಜನ ಅವಳನ್ನು ರೋಮನ್ ದೇವತೆ ಮರ್ಕ್ಯುರಿಯೆಂದೇ ತಿಳಿದು ಅದಕ್ಕೆ ಮರ್ಕ್ಯುರಿ ಡೈಮ್ ಎಂದು ಹೆಸರಿಟ್ಟರು. ತೂಕ ಎರಡೂವರೆ ಗ್ರಾಂ, ಅದರಲ್ಲಿ ನೂರಕ್ಕೆ ತೊಂಬತ್ತು ಪಾಲು ಬೆಳ್ಳಿ. ಇಲ್ಲಿನ ಹತ್ತು ಮತ್ತು ಇಪ್ಪತ್ತೈದು ಸೆಂಟಿನ ನಾಣ್ಯಗಳೆಲ್ಲ 1964ರವರೆಗೆ ಹೀಗೆಯೇ ಇದ್ದವು. ಬೆಳ್ಳಿಯ ಕೊರತೆಯಾಗಿ 1965ರಲ್ಲಿ ನಾಣ್ಯ ಕಾಯ್ದೆಯನ್ನು ಬದಲಿಸಿ, ಅವುಗಳಿಂದ ಬೆಳ್ಳಿಯನ್ನು ಪೂರ್ತಿ ತೆಗೆದು, ತಾಮ್ರದ ತಿರುಳಿಗೆ ನಿಕ್ಕಲ್ ಬೆರೆತ ಹೊದಿಕೆ ಹಾಕಲಾಯಿತು. ಮುಖಬೆಲೆಗಿಂತ ಲೋಹದ ಬೆಲೆಯೇ ಹೆಚ್ಚಾದ ಮೇಲೆ ಜನ ಹಳೆಯವನ್ನು ಆರಿಸಿ ಎತ್ತಿಟ್ಟುಕೊಂಡರು. ಕೆಲವೇ ವರ್ಷಗಳಲ್ಲಿ ಅಂಗಡಿಗಳ ಗಲ್ಲಾದಿಂದ ಬೆಳ್ಳಿ ಮಾಯವಾಯಿತು. ಅಷ್ಟರೊಳಗೆ ಯಾರದೋ ಜೇಬಿನಿಂದ ಜಾರಿ ಹುಲ್ಲಿನಲ್ಲಿ ಬಿದ್ದದ್ದನ್ನು ಮಾತ್ರ ಯಾರೂ ಆರಿಸಿಕೊಳ್ಳಲಾಗಲಿಲ್ಲ. ಆದ್ದರಿಂದಲೇ ಈ ಹವ್ಯಾಸಿಗಳು ಮಕ್ಕಳು ಹಿಮದಲ್ಲಿ ಜಾರುಬಂಡಿಯಾಡುವ ಇಳಿಜಾರು, ಹಿಂದೊಮ್ಮೆ ವಾದ್ಯಮೇಳಕ್ಕೆ ಜನ ಸೇರುತ್ತಿದ್ದ ಬಯಲು, ಊಟದ ಬುತ್ತಿ ಬಿಚ್ಚುತ್ತಿದ್ದ ಹಳೆಯ ಮರಗಳ ನೆರಳು ಇವನ್ನೇ ಹುಡುಕಿಕೊಂಡು ಹೋಗುತ್ತಾರೆ. ಎರೆಹುಳುಗಳು ಮಣ್ಣು ಹೊರಚೆಲ್ಲಿ, ಹುಲ್ಲು ಕೊಳೆತು, ನಾಣ್ಯ ಐದಾರು ಇಂಚು ಕೆಳಗಿಳಿದಿರುತ್ತದೆ. ಜೊತೆಗೆ ಸಿಗುವ ಹೊಸ ನಾಣ್ಯಗಳು ಕಂದುಗಟ್ಟಿ ಕುರೂಪವಾಗಿದ್ದರೆ ಬೆಳ್ಳಿ ಮಾತ್ರ ಮಣ್ಣಿನಿಂದ ಬೆಳ್ಳಗೇ ಎದ್ದು ಬರುತ್ತದೆ. ಅಷ್ಟು ಬೆಳ್ಳಿಯ ಬೆಲೆಗೆ ಈ ಊರಿನಲ್ಲಿ ಒಂದು ಕಾಫಿ ಬಂದರೆ ಹೆಚ್ಚು.

ನಾನು ಮೆಚ್ಚಿದ್ದು ಅವರ ಅಗೆತವನ್ನು. ಹುಲ್ಲನ್ನು ಮೂರು ಕಡೆ ಕೊಯ್ದು, ನಾಲ್ಕನೆಯ ಕಡೆ ಬೇರು ಕಡಿಯದೆ ಉಳಿಸಿ, ಡಬ್ಬಿಯ ಮುಚ್ಚಳದಂತೆ ಹಿಂದಕ್ಕೆ ಮಡಚುತ್ತಾರೆ. ಮಣ್ಣನ್ನು ಬಟ್ಟೆಯ ಮೇಲೆ ಹಾಕುತ್ತಾರೆ. ಕೆಲಸ ಮುಗಿದ ಮೇಲೆ ಮಣ್ಣನ್ನು ಕುಳಿಗೆ ಮರಳಿ ತುಂಬಿ, ಹುಲ್ಲನ್ನು ಮುಚ್ಚಿ, ಕಾಲಿನಿಂದ ಒತ್ತಿ, ನೀರು ಚಿಮುಕಿಸುತ್ತಾರೆ. ಸಿಕ್ಕ ಕಸವನ್ನು ಹೊತ್ತು ತಂದು ಬುಟ್ಟಿಗೆ ಹಾಕುತ್ತಾರೆ. ಎಲ್ಲ ನೆಲವೂ ಇಷ್ಟು ಉದಾರವಲ್ಲ: ರಾಷ್ಟ್ರೀಯ ಉದ್ಯಾನಗಳಲ್ಲಿ ಈ ಯಂತ್ರವನ್ನು ಬಳಸಲು ಸಿದ್ಧವಾಗಿ ಹಿಡಿದಿರುವುದೇ ಅಪರಾಧ, ಕೇಂದ್ರ ಸರ್ಕಾರದ ಭೂಮಿಯಲ್ಲಿ ನೂರು ವರ್ಷ ದಾಟಿದ ಪುರಾತನ ವಸ್ತುಗಳನ್ನು ಅನುಮತಿಯಿಲ್ಲದೆ ಎತ್ತುವುದನ್ನು 1979ರ ಕಾಯ್ದೆ ತಡೆಯುತ್ತದೆ.

ಇಷ್ಟಾದ ಮೇಲೆ ಮಗಳು ಒಂದು ಪ್ರಶ್ನೆ ಕೇಳಿದಳು. ಹಿರಿಯರ ಮನೆಯ ಗಾಜಿನ ಪೆಟ್ಟಿಗೆಯಲ್ಲಿ ನಾಣ್ಯಗಳನ್ನು ಇಸವಿಯ ಪ್ರಕಾರ ಜೋಡಿಸಿಟ್ಟಿದ್ದಾರೆ; ಸಾಲು ಹಿಂದೆ ಹಿಂದೆ ಹೋಗಿ 1890ರ ದಶಕದಲ್ಲಿ ನಿಲ್ಲುತ್ತದೆ. "ಅದಕ್ಕಿಂತ ಮೊದಲು ಇಲ್ಲಿ ಯಾರೂ ಏನನ್ನೂ ಬೀಳಿಸಿಕೊಳ್ಳಲಿಲ್ಲವೇ?" ಎಂದಳು. ಹಿರಿಯರು ತಕ್ಷಣ ಉತ್ತರಿಸಲಿಲ್ಲ. ಆಮೇಲೆ, ಮಿಲ್ವಾಕಿಯ ಈ ನೆಲವನ್ನು 1830ರ ದಶಕದ ಒಪ್ಪಂದಗಳಲ್ಲಿ ಮೆನಾಮಿನಿ ಮತ್ತು ಪೊಟವಾಟಮಿ ಎಂಬ ಮೂಲನಿವಾಸಿ ಜನರಿಂದ ಪಡೆಯಲಾಯಿತೆಂದೂ, ನಾಣ್ಯವಿಲ್ಲದಿದ್ದರೂ ಲೋಹವಿಲ್ಲದ ನಾಡು ಇದಾಗಿರಲಿಲ್ಲವೆಂದೂ, ಸುಪೀರಿಯರ್ ಸರೋವರದ ಸುತ್ತ ಸಿಗುತ್ತಿದ್ದ ಶುದ್ಧ ತಾಮ್ರವನ್ನು ಬಡಿದು ಐದಾರು ಸಾವಿರ ವರ್ಷಗಳ ಹಿಂದೆಯೇ ಈ ಭಾಗದವರು ಭರ್ಜಿಯ ಮೊನೆ, ಚಾಕುಗಳನ್ನು ಮಾಡುತ್ತಿದ್ದರೆಂದೂ ಹೇಳಿದರು. ಅಂಥದ್ದೇನಾದರೂ ಪಾರ್ಕಿನಲ್ಲಿ ಸಿಕ್ಕರೆ ಅದು ಈ ಪೆಟ್ಟಿಗೆಗೆ ಬರುವಂತಿಲ್ಲ. ಹೆಸರಾಂತ ಉದ್ಯಾನ ವಿನ್ಯಾಸಕ ಒಲ್ಮ್‌ಸ್ಟೆಡ್ ರೂಪಿಸಿದ ಇಲ್ಲಿನ ಲೇಕ್ ಪಾರ್ಕಿನಲ್ಲಿ ಪ್ರಾಚೀನ ಮೂಲನಿವಾಸಿಗಳ ಮಣ್ಣಿನ ದಿಬ್ಬವೊಂದು ಇಂದಿಗೂ ಉಳಿದಿದೆ. ನಗರ ಬೆಳೆಯುತ್ತ ಉಳಿದ ದಿಬ್ಬಗಳನ್ನೆಲ್ಲ ನೆಲಸಮ ಮಾಡಿದ ಮೇಲೆ ಮಿಲ್ವಾಕಿಯೊಳಗೆ ಮಿಕ್ಕದ್ದು ಅದೊಂದೇ. ಈಗ ಇಂಥ ದಿಬ್ಬಗಳೂ ಸೇರಿದಂತೆ ಸಮಾಧಿಸ್ಥಳಗಳನ್ನು ಕೆದಕುವುದು ಈ ರಾಜ್ಯದಲ್ಲಿ ಅಪರಾಧ. ಕಾನೂನು ಬರುವ ಹೊತ್ತಿಗೆ ಕಾಯಲು ಉಳಿದದ್ದೆಷ್ಟು ಎಂಬುದನ್ನು ಹಿರಿಯರೂ ಮುಚ್ಚಿಡಲಿಲ್ಲ.

ಮನೆಗೆ ಬಂದ ಮೇಲೆ ನನಗೆ ಒಂದಿಷ್ಟು ಹೆಮ್ಮೆ ಹುಟ್ಟಿತೆಂದು ಹೇಳಲೇಬೇಕು. ನಮ್ಮ ಊರಿನ ಹತ್ತಿರದ ಬಳ್ಳಿಗಾವೆಯಲ್ಲಿ ಸಾವಿರ ವರ್ಷದಷ್ಟು ಹಳೆಯ ಗುಡಿಗಳಿವೆಯೆಂದೂ, ಅಡಿಕೆ ತೋಟಕ್ಕೆ ಬಸಿಗಾಲುವೆ ತೆಗೆಯುವಾಗ ಒಬ್ಬರಿಗೆ ಶಿವ ಪಾರ್ವತಿಯರ ಮುದ್ರೆಯಿದ್ದ, ಇಕ್ಕೇರಿ ಅರಸರ ಕಾಲದ ಚಿನ್ನದ ವರಹಗಳು ಸಿಕ್ಕಿದ್ದವೆಂದೂ ಮಗಳಿಗೆ ಹೇಳಿದೆ. ಅವಳು ಕಣ್ಣರಳಿಸಿ, "ಅವು ಈಗ ಯಾವ ಮ್ಯೂಸಿಯಂನಲ್ಲಿವೆ?" ಎಂದಳು. ಅವು ಅಕ್ಕಸಾಲಿಯ ಮೂಸೆಯಲ್ಲಿ ಕರಗಿ, ಆ ಮನೆಯ ಮಗಳ ಮದುವೆಗೆ ಓಲೆಯಾದವು. ಊರಿಗೆಲ್ಲ ಗೊತ್ತಿತ್ತು, ಯಾರೂ ಬಾಯಿಬಿಡಲಿಲ್ಲ.

ಆ ಮನೆಯವರನ್ನು ದುರಾಸೆಯವರೆಂದು ಹಳಿಯಲು ನನ್ನ ಮನಸ್ಸು ಒಪ್ಪದು. ಅವರನ್ನು ಅಕ್ಕಸಾಲಿಯ ಬಾಗಿಲಿಗೆ ಕಳಿಸಿದ್ದು ಬಹುಮಟ್ಟಿಗೆ ಭಯ. ಬ್ರಿಟಿಷರ 1878ರ ನಿಧಿ ಕಾಯ್ದೆಯ ಪ್ರಕಾರ ಹತ್ತು ರೂಪಾಯಿಗೆ ಮೀರಿದ ನಿಧಿ ಸಿಕ್ಕರೆ ಕಲೆಕ್ಟರಿಗೆ ತಿಳಿಸಬೇಕು. ಹೂತಿಟ್ಟವರ ಹಕ್ಕು ಸಾಬೀತಾಗದೆ ನೆಲದ ಒಡೆಯ ಪಾಲು ಕೇಳಿದರೆ, ಬೇರೆ ಕರಾರಿಲ್ಲದಿದ್ದಲ್ಲಿ ಮುಕ್ಕಾಲು ಪಾಲು ಕಂಡವನಿಗೆ, ಕಾಲು ಪಾಲು ಒಡೆಯನಿಗೆ. ಸರ್ಕಾರವೇ ಇಟ್ಟುಕೊಳ್ಳುವುದಾದರೆ ಲೋಹದ ಬೆಲೆಯ ಮೇಲೆ ಐದನೆಯ ಒಂದು ಪಾಲು ಸೇರಿಸಿ ಕೊಡಬೇಕು. ಆಗ ಮೈಸೂರು ಎನಿಸಿದ್ದ ಕರ್ನಾಟಕ 1962ರಲ್ಲಿ ತನ್ನದೇ ಕಾಯ್ದೆ ಮಾಡಿಕೊಂಡಿತು. ಆದರೆ ನಮ್ಮ ಹಳ್ಳಿಗೆ ಈ ಕಾನೂನುಗಳಿಂದ ತಲುಪಿದ್ದು ಪೊಲೀಸರ ಹೆಸರು ಮಾತ್ರ. ಕಂಡವನಿಗೂ ಏನಾದರೂ ಸಲ್ಲಬಹುದೆಂದು ಯಾರೂ ಹೇಳಿದ್ದನ್ನು ನಾನು ಕೇಳಲಿಲ್ಲ. ಇನ್ನೊಂದು ಕಡೆ ನಿಜವಾದ ಕಳ್ಳರು ಪಾಳುಗುಡಿಯ ನಂದಿಯನ್ನು ಮಗುಚಿ, ವೀರಗಲ್ಲನ್ನು ಕಿತ್ತು, ಏನೂ ಸಿಗದೆ ಹೋಗುತ್ತಾರೆ. ನಿಧಿಗಾಗಿ ಮಾಡುವ ಅಮಾನವೀಯ ವಾಮಾಚಾರಗಳನ್ನು ಕರ್ನಾಟಕದ 2017ರ ಕಾಯ್ದೆಯಲ್ಲಿ ಹೆಸರಿಸಿಯೇ ನಿಷೇಧಿಸಬೇಕಾಯಿತೆಂದರೆ ಆ ಆಸೆಯ ಬಲ ಊಹಿಸಿಕೊಳ್ಳಬಹುದು. ಪಾರ್ಕಿನ ಹಿರಿಯರ ಹವ್ಯಾಸ ನಮ್ಮಲ್ಲಿಗೆ ಬರಲಿ ಎಂದು ನಾನು ಹಾರೈಸುವುದಿಲ್ಲ. ನಮ್ಮ ನೆಲಕ್ಕೆ ಅದು ತಕ್ಕದ್ದಲ್ಲ, ಅಲ್ಲಿ ಐದಿಂಚಿನಲ್ಲಿ ಸಿಗುವುದು ಯಾವನೋ ಹುಡುಗನ ಕೈಖರ್ಚಿನ ಕಾಸಾಗಿರಬೇಕೆಂದಿಲ್ಲ. ಸಿಕ್ಕಿದ್ದನ್ನು ಹಗಲಿನಲ್ಲಿ ಎತ್ತಿ ಹಿಡಿದು ತೋರಿಸುವ ಅವರ ಧೈರ್ಯವೊಂದು ಬಂದಿದ್ದರೆ ಆ ವರಹಗಳ ಚಿತ್ರವಾದರೂ ಉಳಿಯುತ್ತಿತ್ತು.

ಈಗ ತೋಟ ನೋಡಿಕೊಳ್ಳುವ ಚಿಕ್ಕಪ್ಪನ ಮಗನಿಗೆ ಇದನ್ನೆಲ್ಲ ವಿವರಿಸಿ, ಅಗೆಯುವಾಗ ಹಳೆಯದೇನಾದರೂ ಸಿಕ್ಕರೆ ಉಜ್ಜಬಾರದು, ಮಾರಬಾರದು, ಮೊದಲು ಸಿಕ್ಕ ಜಾಗದ ಸಮೇತ ಫೋಟೋ ತೆಗೆದು ಜಿಲ್ಲಾಧಿಕಾರಿಯ ಕಚೇರಿಗೆ ತಿಳಿಸಬೇಕು ಎಂದು ಬರೆದೆ. ಅವನು ತಾಳ್ಮೆಯಿಂದ ಓದಿ ಉತ್ತರಿಸಿದ: "ಸಿಗಲಿ ಅಕ್ಕಾ, ನೋಡೋಣ. ಆದರೆ ಫೋಟೋ ತೆಗೆದರೆ ಅದೇ ಸಾಕ್ಷಿ ಆಗೋದಿಲ್ವಾ?"