ನೈಸಾ, ತರಿಯಾ?

ಅಷ್ಟಮಿ ಬಂತು, ಚಕ್ಕುಲಿ ಹಿಟ್ಟು ಮಿಲ್ ಮಾಡಿಸ್ಕೊಂಡು ಬಾ ಅಂತ ಅತ್ತೆ ಡಬ್ಬ ಕೈಗಿಟ್ಟರು. ಪ್ಯಾಕೆಟ್ ಹಿಟ್ಟು ನಮ್ಮನೆಯಲ್ಲಿ ನಡೆಯಲ್ಲ. ಹನುಮಂತನಗರದ ಮಿಲ್ಲಿಗೆ ಹೊರಟೆ. ಜೊತೆಗೆ ಮೂತಿ ಊದಿಸಿಕೊಂಡ ಮಗಳು. ‘ಮೈ ಗ್ರ್ಯಾಂಡ್‌ಮದರ್ ಈಸ್ ನೈಸ್’ ಅಂತ ಬರೆದದ್ದಕ್ಕೆ ಮಿಸ್ಸು ‘ನೈಸ್’ ಮೇಲೆ ಕೆಂಪು ಗೆರೆ ಎಳೆದು, ಬೇರೆ ಪದ ಹುಡುಕು ಅಂದಿದ್ದರಂತೆ.

ಮಿಲ್ಲಿನವರು ಬೆಲ್ಟಿನ ಸದ್ದಿನ ಮೇಲೆ ಕೂಗಿ ಕೇಳಿದರು: “ನೈಸಾ, ತರಿಯಾ?”

ಮಗಳ ಕಿವಿ ನಿಮಿರಿತು. “ಅಂಕಲ್, ನೈಸ್ ಅಂದ್ರೆ ಒಳ್ಳೇದು ಅಂತ ಅಲ್ವಾ?”

ಹುಬ್ಬೆಲ್ಲ ಹಿಟ್ಟು ಹಿಡಿದು ಬೆಳ್ಳಗಾಗಿದ್ದ ಮನುಷ್ಯ ನಗಲಿಲ್ಲ. ಬಟ್ಟೆಯ ಗವಸಿನಿಂದ ಇಳಿಯುತ್ತಿದ್ದ ಬಿಸಿ ಹಿಟ್ಟನ್ನು ಒಂದು ಚಿಟಿಕೆ ಅವಳ ಅಂಗೈಗೆ ಹಾಕಿ, “ಉಜ್ಜು ಪುಟ್ಟಾ. ಬೆರಳಿಗೆ ಏನೂ ಸಿಗಬಾರ್ದು. ಅದು ನೈಸು” ಅಂದರು.

ಬೆರಳಿಗೆ ಏನೂ ಸಿಗಬಾರದು. ಮೂರು ದಿನದಿಂದ ಇದೇ ತಲೆಯಲ್ಲಿ ಬೀಸುತ್ತಿದೆ.

ಇಂಗ್ಲಿಷಿನವರ ಹತ್ತಿರವೇ ಈ ಪದ ಒಂದು ಕಡೆ ನಿಂತಿಲ್ಲ. ಮೂಲ ಲ್ಯಾಟಿನ್ನಿನ ‘ನೆಸ್ಕಿಯುಸ್’, ಅಂದರೆ ಏನೂ ಅರಿಯದವನು. ಹಳೇ ಫ್ರೆಂಚಿನಲ್ಲಿ ಪೆದ್ದ. ಇಂಗ್ಲಿಷಿಗೆ ಬಂದ ಹೊಸತರಲ್ಲೂ ಪೆದ್ದನೇ. ಆಮೇಲೆ ಎಲ್ಲದಕ್ಕೂ ಕೊಂಕು ತೆಗೆಯುವವನಾದ, ಆಮೇಲೆ ಸೂಕ್ಷ್ಮ. ಕೂದಲೆಳೆಯಷ್ಟು ವ್ಯತ್ಯಾಸಕ್ಕೆ ‘ನೈಸ್ ಡಿಸ್ಟಿಂಕ್ಷನ್’ ಅನ್ನುವುದು ಈಗಲೂ ಇದೆ. ಹಿತವಾದ, ಚೆನ್ನಾದ ಅನ್ನೋ ಅರ್ಥ ಬಂದದ್ದು 18ನೇ ಶತಮಾನದಲ್ಲಿ. ನಮ್ಮ ‘ನಯ’ದ ಪಕ್ಕ ಬಂದು ಕೂತ ಮೇಲೇ ಅದಕ್ಕೆ ಮೈ ಬಂದದ್ದು ಅಂತ ನನ್ನ ಅನಿಸಿಕೆ. ನೆಲ ನೈಸು, ಸೀರೆ ನೈಸು, ಹಿಟ್ಟು ನೈಸು. ಮುಟ್ಟಿ ನೋಡಬಹುದು.

ಮನುಷ್ಯರ ವಿಷಯಕ್ಕೆ ಬಂದರೆ ಮಾತ್ರ ಕನ್ನಡದ ನೈಸು ಭಾರೀ ಚಾಲಾಕಿ. ನೈಸಾಗಿ ಜಾರಿಕೊಂಡ, ನೈಸ್ ಮಾಡಿ ಕೆಲಸ ಸಾಧಿಸಿಕೊಂಡ. ನಮ್ಮ ಹಳೇ ಮನೆ ಓನರ್ರು “ಅಡ್ವಾನ್ಸ್ ಎಲ್ಲಿಗಮ್ಮಾ ಹೋಗುತ್ತೆ” ಅಂತ ಕಾಫಿ ಕೊಟ್ಟು ಕೂರಿಸಿಯೇ ಪೇಂಟಿಂಗಿಗೆಂದು 2 ತಿಂಗಳ ಬಾಡಿಗೆ ಮುರಿದುಕೊಂಡರು. ಬೆರಳಿಗೆ ಏನೂ ಸಿಗಲಿಲ್ಲ.

ಮಿಸ್ಸು ಗೆರೆ ಎಳೆದದ್ದು ಸರಿಯೇ. ಯಾಕೆ ಅಂತ ಒಂದು ಮಾತು ಹೇಳಬಹುದಿತ್ತು, ಅಷ್ಟೆ. ನಮ್ಮತ್ತೆ ಯಾವ ಲೆಕ್ಕದಲ್ಲಿ ನೈಸು? ಶುದ್ಧ ತರಿ. ನನಗೆ ಜ್ವರ ಬಂದರೆ “ಮಳೇಲಿ ನೆನೀಬೇಡ ಅಂದ್ರೆ ಕೇಳ್ತೀಯಾ” ಅಂತ ಬೈಯುತ್ತಲೇ ಗಂಜಿ ತಂದಿಡುವವರು. 14 ವರ್ಷವಾಯಿತು, ಪ್ರತಿ ಸಲ ಬೆರಳಿಗೆ ಏನಾದರೊಂದು ಸಿಗುತ್ತದೆ.

ಅವತ್ತು ಮನೆಗೆ ಬಂದೊಡನೆ ಅತ್ತೆ ಡಬ್ಬದ ಮುಚ್ಚಳ ತೆಗೆದರು. ಚಿಟಿಕೆ ಹಿಟ್ಟು ತೆಗೆದು, ಉಜ್ಜಿ, ಬೆಳಕಿಗೆ ಹಿಡಿದು ನೋಡಿ, “ಇನ್ನೊಂದ್ಸಲ ಹಾಕಿಸ್ಬೇಕಿತ್ತು ಕಣೇ” ಅಂದರು. ಮಗಳು ನೋಟ್‌ಬುಕ್ ಬಿಚ್ಚಿಕೊಂಡು, ಪೆನ್ಸಿಲ್ ಕಚ್ಚುತ್ತಾ ಅಜ್ಜಿಯ ಬೆರಳುಗಳನ್ನೇ ನೋಡುತ್ತಾ ಕೂತಿದ್ದಳು.