ಪರದೆ ಮುಚ್ಚಿದ್ದಾಗ 260

ಹೋದ ಜನವರಿಯಲ್ಲಿ ದೊಡ್ಡಬಳ್ಳಾಪುರದ ಹತ್ತಿರ ಅಕ್ಕನ ಮನೆಗೆ ಹೋಗಿದ್ದೆ. ಭಾವ ಅರ್ಧ ಎಕರೆ ಪಾಲಿಹೌಸಿನಲ್ಲಿ ಕೆಂಪು, ಹಳದಿ ಕ್ಯಾಪ್ಸಿಕಂ ಬೆಳೆಯುತ್ತಾರೆ. ಊಟಕ್ಕೆ ಕೂತಾಗ ಹೊಸ ಸುದ್ದಿ ತೆಗೆದರು. ಸಿಲಿಂಡರಿನಿಂದ ಕಾರ್ಬನ್ ಡೈಆಕ್ಸೈಡ್ ಬಿಟ್ಟರೆ ಇಳುವರಿ ಜಾಸ್ತಿ ಆಗುತ್ತೆ, ಹಾಲೆಂಡಿನಲ್ಲಿ ಹಾಗೇ ಮಾಡೋದು ಅಂತ ಯಾರೋ ಹೇಳಿಹೋಗಿದ್ದರಂತೆ.

ಸುಳ್ಳೇನಲ್ಲ. ಅಲ್ಲಿನ ವೆಸ್ಟ್‌ಲ್ಯಾಂಡ್ ಕಡೆ ಗಾಜಿನ ಮನೆಗಳಿಗೆ ರೋಟರ್‌ಡ್ಯಾಂ ಬಂದರಿನ ಕಾರ್ಖಾನೆಗಳಿಂದ ಪೈಪಿನಲ್ಲೇ ಈ ಅನಿಲ ಬರುತ್ತದೆ. 800ರಿಂದ 1000 ಪಿಪಿಎಂವರೆಗೂ, ಅಂದರೆ ಹತ್ತು ಲಕ್ಷ ಪಾಲು ಗಾಳಿಯಲ್ಲಿ ಅಷ್ಟು ಪಾಲು, ಏರಿಸುತ್ತಾರೆ. ಆದರೆ ಅವರದು ಗಾಜಿನ ಪೆಟ್ಟಿಗೆ. ನಮ್ಮದು ಪ್ಲಾಸ್ಟಿಕ್ ಹಾಳೆ ಹೊದಿಸಿ ಮೇಲೆ ಗಾಳಿಗೆ ಕಿಂಡಿ ಬಿಟ್ಟ, ಸುತ್ತ ಬಲೆ ಕಟ್ಟಿದ ಮನೆ. ತೂತು ಬಿಂದಿಗೆಗೆ ನೀರು ಹುಯ್ದ ಹಾಗೆ ಅಲ್ವಾ?

"ಕೊಳ್ಳೋದು ಆಮೇಲೆ ಭಾವ, ಮೊದಲು ಎಷ್ಟಿದೆ ನೋಡೋಣ" ಅಂದೆ. ಕೋವಿಡ್ ಕಾಲದಲ್ಲಿ ಆಫೀಸ್ ರೂಮಿನ ಗಾಳಿ ನೋಡೋಕೆ ಅಂತ ಕೊಂಡ, ಇದೇ ಅನಿಲ ಅಳೆಯುವ ಮೀಟರ್ ಒಂದು ಮನೆಯಲ್ಲಿ ಸುಮ್ನೆ ಬಿದ್ದಿತ್ತು. ಮುಂದಿನ ಶನಿವಾರ ಅದನ್ನು ತಂದೆ.

ಭಾನುವಾರ ಬೆಳಿಗ್ಗೆ ಆರಕ್ಕೆ ಒಳಗೆ ಹೋದೆವು. ಚಳಿ ಅಂತ ಸುತ್ತಲಿನ ಪರದೆ ಪೂರ್ತಿ ಇಳಿಸಿದ್ದರು. ಮೇಲಿನ ಹಾಳೆಯಿಂದ ಹನಿ ತೊಟ್ಟಿಕ್ಕುತ್ತಿತ್ತು. ಗಿಡದ ಮಧ್ಯೆ ದಾರಕ್ಕೆ ಮೀಟರ್ ತೂಗುಹಾಕಿದೆ. ಭಾವ ಬಗ್ಗಿ ನೋಡಿದರು. 1,900!

"ಏನಪ್ಪಾ, ಹಾಲೆಂಡಿಗಿಂತ ಜಾಸ್ತಿ ಇದೆ!"

ನನಗೂ ಗಾಬರಿ. ಆಮೇಲೆ ಹೊಳೆಯಿತು, ಅದು ಭಾವನ ಉಸಿರು. ನಾವು ಬಿಡುವ ಗಾಳಿಯಲ್ಲಿ ಇದು 40,000 ಪಿಪಿಎಂ ಹತ್ತಿರ ಇರುತ್ತದೆ. ದೂರ ನಿಂತು, ಐದು ನಿಮಿಷ ಬಿಟ್ಟು ಮೊಬೈಲಿನಲ್ಲಿ ಜೂಮ್ ಮಾಡಿ ನೋಡಿದೆವು. 640. ರಾತ್ರಿಯಿಡೀ ಗಿಡವೂ, ಕೊಟ್ಟಿಗೆ ಗೊಬ್ಬರ ಹಾಕಿದ ಮಣ್ಣೂ ಉಸಿರಾಡಿ ಸೇರಿಸಿಟ್ಟಿದ್ದು ಅಷ್ಟು.

ಬಿಸಿಲು ಬಿದ್ದ ಮೇಲೆ ಗಿಡ ಆಹಾರ ಮಾಡಿಕೊಳ್ಳಲು ಈ ಅನಿಲ ಹೀರತೊಡಗಿತು, ಅಂಕಿ ಇಳಿಯತೊಡಗಿತು. ಎಂಟಕ್ಕೆ 430. ಎಂಟೂವರೆಗೆ 340. ಅಕ್ಕ ತಿಂಡಿಗೆ ಕೂಗುತ್ತಿದ್ದಳು, ಭಾವ ಕದಲಲಿಲ್ಲ. ಒಂಬತ್ತೂ ಕಾಲಿಗೆ 260. ಹೊರಗೆ ಬಯಲಿನಲ್ಲಿ 420ರ ಸುಮಾರು ಇರುವಾಗ, ಡ್ರಿಪ್‌ನಲ್ಲಿ ಗೊಬ್ಬರ ಕುಡಿದು, ಬಿಸಿಲು ಕಾಯುತ್ತಾ ನಿಂತ ಗಿಡಕ್ಕೆ ಒಳಗೆ ಸಿಗುತ್ತಿದ್ದದ್ದು ಇಷ್ಟು. ಒಳ್ಳೇ ಬಿಸಿಲಿನ ಹೊತ್ತಿನಲ್ಲೇ ಅರೆಹೊಟ್ಟೆ.

ಭಾವ ಏನೂ ಹೇಳದೆ ಹೋಗಿ ರಾಟೆ ತಿರುಗಿಸಿದರು. ಎರಡೂ ಬದಿಯ ಪರದೆ ಮೇಲೇರಿತು. ತಣ್ಣನೆ ಗಾಳಿ ನುಗ್ಗಿ ಎಲೆ ಅಲುಗಿದವು. ಹತ್ತು ನಿಮಿಷದಲ್ಲಿ 390.

"ಇದಕ್ಕೆ ದುಡ್ಡು ಬೇರೆ ಕೊಡಬೇಕಿತ್ತಾ" ಅಂತ ನಕ್ಕರು.

ಮೀಟರನ್ನು ಅಲ್ಲೇ ಬಿಟ್ಟು ಬಂದೆ. ಹದಿನೈದು ದಿನಕ್ಕೆ ಫೋನ್. "ಒಳಗೆ 400ರ ಕೆಳಗೆ ಇಳೀತಾನೇ ಇಲ್ಲ ಕಣಪ್ಪಾ. ಆದ್ರೆ ಅಂಗಳದಲ್ಲಿ ಇಟ್ರೂ 550 ತೋರಿಸ್ತಿದೆ."

"ಪರದೆ ಎಷ್ಟು ಹೊತ್ತಿಗೆ ತೆಗೀತಿದ್ದೀರಿ?"

ಸ್ವಲ್ಪ ತಡೆದು ಹೇಳಿದರು, "ಚಳಿ ಜಾಸ್ತಿ ಇತ್ತು. ಒಂಬತ್ತೂವರೆ ಆಗ್ತಿತ್ತು."

ತಪ್ಪು ನನ್ನದೂ ಇತ್ತು. ಇಂಥ ಮೀಟರ್‌ಗಳು ಕೆಲವು ದಿನಗಳಲ್ಲಿ ಕಂಡ ಅತಿ ಕಡಿಮೆ ಅಂಕಿಯನ್ನೇ ಹೊರಗಿನ ಗಾಳಿ, ಅಂದರೆ 400, ಅಂತ ತಿಳಿದು ತಮ್ಮನ್ನು ತಾವೇ ಸರಿಮಾಡಿಕೊಳ್ಳುತ್ತವೆ. ಆಫೀಸಿಗೆ ಅದು ಸರಿ. ಪಾಲಿಹೌಸಿನಲ್ಲಿ ದಿನಾ 270ಕ್ಕೆ ಇಳಿದರೆ ಅದನ್ನೇ 400 ಅಂದುಕೊಂಡು ಕೂತುಬಿಡುತ್ತದೆ, ಆಗ ಹೊರಗಿನ 420 ಕೂಡ 550 ಆಗಿ ಕಾಣುತ್ತದೆ. ಆ ಸೆಟ್ಟಿಂಗ್ ಆಫ್ ಮಾಡಬೇಕು ಅಂತ ನನಗೆ ಹೊಳೆದೇ ಇರಲಿಲ್ಲ.

ಫೋನಿನಲ್ಲೇ ಒಂದೊಂದೇ ಬಟನ್ ಹೇಳಿ ಆಫ್ ಮಾಡಿಸಿದೆ. ಆಮೇಲೆ ಬಯಲಲ್ಲಿಟ್ಟು ಹೊಸದಾಗಿ ಹೊಂದಿಸಲು ಹೇಳಿದೆ. ಭಾವ ಅದನ್ನು ತಗೊಂಡು ಹೋಗಿ ನಿಂಬೆ ಗಿಡಕ್ಕೆ ಕಟ್ಟಿ, ಉಸಿರು ಬಿಗಿಹಿಡಿದು ಹಿಂದೆ ಸರಿದರಂತೆ. ಅಕ್ಕ ಹೇಳಿದ್ದು.