ಕಾರು ತಳ್ಳಿಸಿಕೊಂಡ ಭಾನುವಾರ

ಕನಕಪುರದ ಆಚೆ ಗೆಳೆಯನ ತೋಟದಲ್ಲಿ ಟೆಂಟ್ ಹಾಕಿದ್ದೆವು. ಕರೆಂಟಿಲ್ಲ, ಕಂಬವೂ ಇಲ್ಲ. ಸೋಮವಾರ ಕೊಡಬೇಕಾದ ಆಫೀಸ್ ಕೆಲಸ ಮಾತ್ರ ಜೊತೆಗೇ ಬಂದಿತ್ತು. ನಾವು ಬೆಂಗಳೂರು ಬಿಟ್ಟರೂ ಅದು ನಮ್ಮನ್ನು ಬಿಡಲ್ಲ, ಅಲ್ವಾ?

ರಾತ್ರಿ ಕಾರಿನ ಸಾಕೆಟ್ಟಿಗೆ ಪುಟ್ಟ ಇನ್ವರ್ಟರ್ ಸಿಕ್ಕಿಸಿ ಲ್ಯಾಪ್‌ಟಾಪ್ ಚಾರ್ಜಿಗೆ ಹಾಕಿದೆ. ಲೆಕ್ಕ ಹಾಕಿಯೇ ಇದ್ದೆ. ಕಾರಿನ ಬ್ಯಾಟರಿ 12 ವೋಲ್ಟ್, 35 ಆಂಪಿಯರ್ ಅವರ್, ಅಂದರೆ 420 ವ್ಯಾಟ್ ಅವರ್. ಲ್ಯಾಪ್‌ಟಾಪ್ ಎಳೆಯುವುದು 60 ವ್ಯಾಟ್. ಏಳು ಗಂಟೆ ಆರಾಮ!

ಮರೆತದ್ದು ಇಷ್ಟೇ. ಕಾರಿನ ಬ್ಯಾಟರಿ ಇರುವುದು ಎಂಜಿನ್ ಎಬ್ಬಿಸಲು, ಕೆಲವೇ ಸೆಕೆಂಡು ಜೋರಾಗಿ ಕರೆಂಟ್ ಕೊಡಲಿಕ್ಕೆ. ಮನೆಯ ಯುಪಿಎಸ್ ಬ್ಯಾಟರಿಯ ಹಾಗೆ ಗಂಟೆಗಟ್ಟಲೆ ಹಿಂಡಿಸಿಕೊಳ್ಳಲಿಕ್ಕಲ್ಲ. ಅರ್ಧಕ್ಕಿಂತ ಕೆಳಗಿಳಿದರೆ ಸ್ಟಾರ್ಟ್ ಆಗುವುದೇ ಅನುಮಾನ, ಪದೇ ಪದೇ ಮಾಡಿದರೆ ಒಳಗಿನ ಸೀಸದ ಪ್ಲೇಟುಗಳೂ ಹಾಳು. ಜೊತೆಗೆ ಇನ್ವರ್ಟರ್ 12 ವೋಲ್ಟನ್ನು 230ಕ್ಕೆ ಏರಿಸಿ, ಚಾರ್ಜರ್ ಮತ್ತೆ 20ಕ್ಕೆ ಇಳಿಸುವಾಗ ಒಂದಷ್ಟು ಸುಮ್ನೆ ಬಿಸಿಯಾಗಿ ಹೋಗುತ್ತದೆ. (ನೇರವಾಗಿ ಟೈಪ್-ಸಿ ಕಾರ್ ಚಾರ್ಜರ್ ತಂದಿದ್ದರೆ ನಷ್ಟ ಕಡಿಮೆ. ಬುದ್ಧಿ ಬಂದದ್ದು ಆಮೇಲೆ.)

ಬೆಳಿಗ್ಗೆ ಕೀ ತಿರುಗಿಸಿದರೆ ಟಿಕ್ ಟಿಕ್ ಟಿಕ್. ತೋಟ ಕಾಯುವ ಅಜ್ಜ ಬೀಡಿ ಆರಿಸಿ ಬಂದರು. "ಸೆಕೆಂಡ್ ಗೇರ್ ಹಾಕಿ ಕ್ಲಚ್ ತುಳ್ಕೊಂಡು ಕುಂತ್ಕೊ ಮಗ, ತಳ್ತೀವಿ." ಎರಡನೇ ಸಲಕ್ಕೆ ಎದ್ದಿತು.

ಸಂಜೆ ಮನೆಗೆ ಬಂದರೆ ನಮ್ಮ ಬೀದಿಯಲ್ಲೂ ಕರೆಂಟಿಲ್ಲ. ಮೂಲೆಯಲ್ಲಿ ಯುಪಿಎಸ್ ಗುಂಯ್ ಅನ್ನುತ್ತಿತ್ತು. ಪಾಪ, ಅದಕ್ಕೆ ಡಿಸ್ಟಿಲ್ಡ್ ವಾಟರ್ ಹಾಕಿ ಎಷ್ಟು ತಿಂಗಳಾಯಿತೋ.